ಸ್ಪ್ರಿಂಗ್ ಪ್ಲೇಟ್ ಹಾಕಿಸಿದ ಮೇಲೆ ಪಿಕಪ್‌ನಲ್ಲಿ 60ರ ವೇಗಕ್ಕೆ ನಡುಕ: ಪ್ರೊಪೆಲ್ಲರ್ ಶಾಫ್ಟಿನ ಕೋನವನ್ನು ಮನೆಯಲ್ಲೇ ಸರಿಪಡಿಸಬಹುದೇ?

ತೋಟದಮನೆ (ಸಾಗರ):

ಎಲ್ಲರಿಗೂ ನಮಸ್ಕಾರ. ಗೊಬ್ಬರ, ಅಡಿಕೆ ಮೂಟೆ, ಬಾಳೆಗೊನೆಗಳನ್ನು ಸಾಗಿಸಲು ನಾವು ಇಟ್ಟುಕೊಂಡಿರುವ ಹನ್ನೊಂದು ವರ್ಷದ ಪಿಕಪ್ ಲಾರಿಯ ಕುರಿತು ಈ ಪ್ರಶ್ನೆ. ಗೇರ್ ಬಾಕ್ಸಿನ ತಿರುಗುವಿಕೆಯನ್ನು ಹಿಂದಿನ ಚಕ್ರಗಳ ಕಡೆಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಇದರಲ್ಲಿ ಎರಡು ತುಂಡಿನದು; ನಡುವೆ ಅದನ್ನು ಹಿಡಿದಿಡುವ ಸೆಂಟರ್ ಬೇರಿಂಗ್ ಇದೆ. ಟೈರಿನ ಅಳತೆ 215/75 ಆರ್ 15.

ಭಾರ ಹೇರಿದಾಗ ಹಿಂಭಾಗ ತೀರಾ ಕುಸಿಯುತ್ತದೆಂದು ಕಳೆದ ಮಳೆಗಾಲದ ನಂತರ ಪೇಟೆಯ ಒಂದು ಸ್ಪ್ರಿಂಗ್ ಅಂಗಡಿಯಲ್ಲಿ ಎರಡೂ ಬದಿಗೆ ಎರಡೆರಡು ಪ್ಲೇಟ್ ಹೆಚ್ಚಿಗೆ ಹಾಕಿಸಿದೆ. ಅಲ್ಲಿಂದ ಮನೆಗೆ ಬರುವ ದಾರಿಯಲ್ಲೇ ನಡುಕ ಶುರುವಾಯಿತು. ಖಾಲಿ ಗಾಡಿ ಗಂಟೆಗೆ 50 ಕಿ.ಮೀ. ದಾಟಿದೊಡನೆ ಸೀಟಿನ ಕೆಳಗೆ, ನೆಲದ ತಗಡಿನಲ್ಲಿ, ಗುಂಯ್ ಎನ್ನುವ ಕಂಪನ ಏಳುತ್ತದೆ. 60 ಮುಟ್ಟುವ ಹೊತ್ತಿಗೆ ಗೇರ್ ಲಿವರನ್ನು ಹಿಡಿದ ಕೈ ಜುಮ್ಮೆನ್ನುತ್ತದೆ. ಸ್ಟಿಯರಿಂಗ್ ಮಾತ್ರ ಸ್ಥಿರವಾಗಿರುತ್ತದೆ. ಒಂದು ಟನ್ ಭಾರ ಹೇರಿದರೆ ನಡುಕ ಬಹುಪಾಲು ಇಲ್ಲವಾಗುತ್ತದೆ. ಮೂರನೆಯ ಗೇರಿನಲ್ಲಿ ಓಡಿಸಿದರೂ ನಾಲ್ಕನೆಯದರಲ್ಲಿ ಓಡಿಸಿದರೂ ಅದೇ ವೇಗಕ್ಕೆ ಅದೇ ನಡುಕ. ನ್ಯೂಟ್ರಲ್ ಮಾಡಿ ಗಾಡಿಯನ್ನು ಹಾಗೇ ಓಡಲು ಬಿಟ್ಟರೆ ತುಸು ತಗ್ಗುತ್ತದೆಯೇ ಹೊರತು ಹೋಗುವುದಿಲ್ಲ.

ನಾಲ್ಕೂ ಚಕ್ರಗಳ ಬ್ಯಾಲೆನ್ಸಿಂಗ್ ಮಾಡಿಸಿದ್ದೇನೆ. ಶಾಫ್ಟಿನ ಮೂರೂ ಜಾಯಿಂಟುಗಳ ಕ್ರಾಸ್‌ಗಳನ್ನು (ಶಾಫ್ಟ್ ಕೋನದಲ್ಲಿ ತಿರುಗಲು ಬಿಡುವ ಶಿಲುಬೆಯಾಕಾರದ ಕೀಲುಗಳನ್ನು) ಮನೆಯ ಶೆಡ್ಡಿನಲ್ಲಿ ವೈಸ್ ಬಳಸಿ ನಾನೇ ಬದಲಿಸಿದ್ದೇನೆ. ಎರಡರಿಂದಲೂ ಪ್ರಯೋಜನವಾಗಲಿಲ್ಲ. ಶಾಫ್ಟನ್ನೇ ಹೊಸದು ಹಾಕಿಸಬೇಕೆಂದು ಒಬ್ಬರು ಹೇಳಿದರೆ, ಸೆಂಟರ್ ಬೇರಿಂಗಿನ ಬ್ರಾಕೆಟ್‌ಗೆ ವಾಷರ್ ಕೊಟ್ಟು ಅದನ್ನು ಕೆಳಗಿಳಿಸಿದರೆ ಸಾಕೆಂದು ಇನ್ನೊಬ್ಬರು ಹೇಳುತ್ತಾರೆ. ದುಡ್ಡು ಸುರಿಯುವ ಮೊದಲು ಕಾರಣವನ್ನು ಖಚಿತವಾಗಿ ತಿಳಿದುಕೊಳ್ಳಬೇಕೆಂಬುದು ನನ್ನ ಆಸೆ. ದಾರಿ ತೋರಿಸಬೇಕಾಗಿ ಕೋರುತ್ತೇನೆ.

ಲೇತ್ ಕೆಲಸ (ಹಾಸನ):

ನಿಮ್ಮ ವಿವರಣೆಯಲ್ಲೇ ಅರ್ಧ ಉತ್ತರವಿದೆ. ಗೇರ್ ಬದಲಿಸಿದರೂ ನಡುಕ ಅದೇ ವೇಗಕ್ಕೆ ಬರುತ್ತಿರುವುದರಿಂದ ಇದು ಎಂಜಿನ್ನಿನದಲ್ಲ. ಗೇರ್ ಬಾಕ್ಸಿನ ಹಿಂದೆ ತಿರುಗುವ ಯಾವುದೋ ಭಾಗದ್ದು. ಅದು ಚಕ್ರವೋ, ಶಾಫ್ಟಿನ ತೂಕದ ವ್ಯತ್ಯಾಸವೋ, ಜಾಯಿಂಟಿನ ಕೋನವೋ ಎಂಬುದನ್ನು ಕಂಪನದ ಎಣಿಕೆಯಿಂದ ಬೇರ್ಪಡಿಸಬಹುದು. ಹೊಸ ಶಾಫ್ಟಿನ ಮಾತು ಆಮೇಲೆ ನೋಡೋಣ.

ನಿಮ್ಮ ಟೈರು ಒಂದು ಸುತ್ತಿಗೆ ಸುಮಾರು 2.2 ಮೀಟರ್ ಉರುಳುತ್ತದೆ. 60 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಏಳೂವರೆ ಸುತ್ತು. ಇದನ್ನು ಕ್ರೌನ್ ಪಿನಿಯನ್ (ಶಾಫ್ಟಿನ ತಿರುಗುವಿಕೆಯನ್ನು ಹಿಂದಿನ ಚಕ್ರಗಳಿಗೆ ಕೊಡುವ ಹಲ್ಲುಚಕ್ರಗಳ ಜೋಡಿ) ಅನುಪಾತದಿಂದ ಗುಣಿಸಿದರೆ ಶಾಫ್ಟಿನ ಸುತ್ತು ಸಿಗುತ್ತದೆ. ಅನುಪಾತ ತಿಳಿಯಲು ಹಿಂದಿನ ಒಂದು ಚಕ್ರವನ್ನು ಮಾತ್ರ ಎತ್ತಿ, ಇನ್ನೊಂದು ನೆಲದ ಮೇಲೇ ಇರುವಂತೆ ನೋಡಿಕೊಂಡು, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ; ಅಷ್ಟರಲ್ಲಿ ಸೀಮೆಸುಣ್ಣದ ಗುರುತು ಹಾಕಿದ ಶಾಫ್ಟ್ ಎಷ್ಟು ಸುತ್ತು ತಿರುಗಿತೋ ಅದೇ ಅನುಪಾತ. ಇದಕ್ಕಾಗಿ ಹ್ಯಾಂಡ್ ಬ್ರೇಕ್ ಬಿಡಲೇಬೇಕಾಗುವುದರಿಂದ ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಡುವುದನ್ನು ಮರೆಯಬೇಡಿ.

ನಂತರ ಫೋನಿನಲ್ಲಿ ಕಂಪನ ಅಳೆಯುವ ಆ್ಯಪ್ ಹಾಕಿಕೊಳ್ಳಿ. ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯದವರು ಮಾಡಿರುವ ಫೈಫಾಕ್ಸ್ ಇದಕ್ಕೆ ಸಾಕು. ಫೋನನ್ನು ಸೀಟಿನ ಚೌಕಟ್ಟಿಗೆ ಬಿಗಿಯಾಗಿ ಕಟ್ಟಿ, ಪಕ್ಕದಲ್ಲಿ ಕುಳಿತವರೊಬ್ಬರು ಜಿಪಿಎಸ್ ವೇಗ ನೋಡಿಕೊಂಡು ಗುರುತು ಮಾಡಿಕೊಳ್ಳಲಿ. ಚಕ್ರದ ಸುತ್ತಿಗೆ ಹೊಂದುವ 7-8 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಬಂದರೆ ದೋಷ ಚಕ್ರದ್ದು ಅಥವಾ ಅದರ ಹಬ್‌ನದು. ಶಾಫ್ಟಿನ ಸುತ್ತಿಗೆ ಸಮನಾಗಿ ಬಂದರೆ ತೂಕದ ವ್ಯತ್ಯಾಸ ಅಥವಾ ಬಾಗಿದ ಶಾಫ್ಟ್. ಅದರ ಸರಿಯಾಗಿ ಎರಡರಷ್ಟು ಬಂದರೆ ಜಾಯಿಂಟಿನ ಕೋನ. ಕ್ರಾಸ್ ಜಾಯಿಂಟ್ ಕೋನದಲ್ಲಿ ತಿರುಗುವಾಗ ಅದರಿಂದ ಹೊರಬರುವ ತಿರುಗುವಿಕೆ ಪ್ರತಿ ಸುತ್ತಿನಲ್ಲಿ ಎರಡು ಸಲ ಚುರುಕಾಗಿ ಎರಡು ಸಲ ನಿಧಾನವಾಗುವುದೇ ಇದಕ್ಕೆ ಕಾರಣ.

ಘಟ್ಟದ ಚಾಲಕ (ಶಿರಸಿ):

ಲೇತ್ ಕೆಲಸದವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ. ಕ್ರಾಸ್ ಬದಲಿಸಲು ಶಾಫ್ಟ್ ಬಿಚ್ಚಿರಲೇಬೇಕು. ಹಾಗಾದರೆ ಹಿಂದಿನ ತುಂಡಿನ ಸ್ಪ್ಲೈನನ್ನು (ಒಂದರೊಳಗೊಂದು ಜಾರಿ ಕೂರುವ ಹಲ್ಲುಗಳ ಜೋಡಣೆಯನ್ನು) ಮತ್ತೆ ಕೂರಿಸುವಾಗ ಎರಡೂ ತುದಿಯ ಯೋಕ್‌ಗಳ (ಕ್ರಾಸನ್ನು ಹಿಡಿಯುವ ಕವೆಗಳ) ಕಿವಿಗಳು ಒಂದೇ ಸಾಲಿಗೆ ಬಂದಿವೆಯೇ ಎಂದು ನೋಡಿ. ಒಂದು ಹಲ್ಲು ತಪ್ಪಿದರೂ ಮುಂದಿನ ಜಾಯಿಂಟ್ ಉಂಟುಮಾಡಿದ ಏರಿಳಿತವನ್ನು ಹಿಂದಿನ ಜಾಯಿಂಟ್ ಪೂರ್ತಿ ರದ್ದುಮಾಡಲಾರದು. ಶಾಫ್ಟಿನ ಮೇಲಿನ ಮಣ್ಣು, ಬಣ್ಣಗಳನ್ನು ವೈರ್ ಬ್ರಷ್‌ನಿಂದ ಉಜ್ಜಿದರೆ ಬಾಣದ ಗುರುತುಗಳು ಸಿಗುವುದುಂಟು.

ಹೊಸ ಕ್ರಾಸ್ ಪ್ರತಿಯೊಂದೂ ಕೈಯಲ್ಲಿ ಎರಡೂ ದಿಕ್ಕಿಗೆ ಸಲೀಸಾಗಿ ಆಡಬೇಕು. ಬಿಗಿ ಎನಿಸಿದರೆ ಯೋಕ್‌ನ ಕಿವಿಗೆ ತಾಮ್ರದ ಸುತ್ತಿಗೆಯಿಂದ ಮೆಲ್ಲನೆ ಬಡಿಯಿರಿ, ಕ್ರಾಸಿನ ತುದಿಯ ಬೇರಿಂಗ್ ಕಪ್ (ಬಟ್ಟಲು) ಅದನ್ನು ಹಿಡಿದಿಡುವ ಸರ್ಕ್ಲಿಪ್‌ಗೆ ಒತ್ತಿಕೊಂಡು ಸರಿಹೋಗುತ್ತದೆ. ಸೆಂಟರ್ ಬೇರಿಂಗಿನ ರಬ್ಬರ್ ಹರಿದಿದೆಯೇ, ಶಾಫ್ಟಿನ ಕೊಳವೆಯಲ್ಲಿ ಕಲ್ಲು ಬಡಿದ ತಗ್ಗಿದೆಯೇ, ವೆಲ್ಡ್ ಮಾಡಿದ ತೂಕದ ಬಿಲ್ಲೆ ಉದುರಿದ ಗುರುತಿದೆಯೇ ಎಂಬುದನ್ನೂ ನೋಡಿ.

ಇನ್ನೊಂದು ಮಾತನ್ನು ಮನಸ್ಸಿಟ್ಟು ಕೇಳಬೇಕು. ನಮ್ಮ ಕಡೆ ಕೈಗೆ ಸಿಗುತ್ತದೆಂದು ಜಂಬಿಟ್ಟಿಗೆ ಕಲ್ಲನ್ನೇ ಪೇರಿಸಿ ಗಾಡಿಯ ಅಡಿಗೆ ಕೊಡುವ ರೂಢಿ ಇದೆ. ಆ ಕಲ್ಲು ಭಾರದಡಿ ಯಾವ ಮುನ್ಸೂಚನೆಯನ್ನೂ ಕೊಡದೆ ಸೀಳುತ್ತದೆ. ಜಾಕಿಯನ್ನೊಂದನ್ನೇ ನಂಬಿಯೂ ಅಡಿಗೆ ಹೋಗಬೇಡಿ. ಕಬ್ಬಿಣದ ಸ್ಟ್ಯಾಂಡ್ ಇಲ್ಲದಿದ್ದರೆ ಯಾರಿಂದಲಾದರೂ ಎರವಲು ತನ್ನಿ.

ತೋಟದಮನೆ (ಸಾಗರ):

ಇಬ್ಬರಿಗೂ ಕೃತಜ್ಞತೆಗಳು. ಯೋಕ್‌ಗಳು ಒಂದೇ ಸಾಲಿನಲ್ಲಿವೆ, ಬಾಣದ ಗುರುತುಗಳೂ ಸಿಕ್ಕವು. ಕ್ರಾಸ್‌ಗಳು ಸಲೀಸಾಗಿ ಆಡುತ್ತವೆ, ಸೆಂಟರ್ ಬೇರಿಂಗಿನ ರಬ್ಬರ್ ಗಟ್ಟಿಯಾಗಿದೆ. ಅನುಪಾತ ಸುಮಾರು 4.1 ಬಂತು. ಅಂದರೆ 60ರ ವೇಗದಲ್ಲಿ ಶಾಫ್ಟ್ ಸೆಕೆಂಡಿಗೆ 31 ಸುತ್ತು. ಫೋನಿನ ನಕ್ಷೆಯಲ್ಲಿ 31ರ ಬಳಿ ಒಂದು ಸಣ್ಣ ಗುಡ್ಡೆ ಇದೆ, 62ರಲ್ಲಿ ಎತ್ತರದ ಶಿಖರವಿದೆ. ವೇಗ 50ಕ್ಕೆ ಇಳಿದಾಗ ಶಿಖರವೂ 52ರ ಸುತ್ತ ಇಳಿಯಿತು. ಹಾಗಾದರೆ ಇದು ಕೋನದ್ದೇ ತಾನೇ? ಕೋನವನ್ನು ಅಳೆಯುವ ಸರಿಯಾದ ಕ್ರಮ ಯಾವುದು?

ಲೇತ್ ಕೆಲಸ (ಹಾಸನ):

ಹೌದು, ಕೋನದ್ದೇ. ಬಡಗಿಗಳು ಬಳಸುವ, ಅಡಿಯಲ್ಲಿ ಆಯಸ್ಕಾಂತವಿರುವ ಡಿಜಿಟಲ್ ಕೋನಮಾಪಕ ಸಾಕು. ಗಾಡಿ ತನ್ನ ಭಾರದಲ್ಲೇ ನಿಂತಿರಬೇಕೆಂಬುದು ಮುಖ್ಯ: ಚಾಸಿಯನ್ನು ಎತ್ತಿ ಹೌಸಿಂಗ್ (ಕ್ರೌನ್ ಪಿನಿಯನ್ ಒಳಗಿರುವ ಹಿಂದಿನ ಆಕ್ಸಲಿನ ಕವಚ) ತೂಗಾಡಲು ಬಿಟ್ಟರೆ ಸಿಗುವ ಕೋನಗಳಿಗೆ ಅರ್ಥವಿಲ್ಲ. ಎತ್ತಲೇಬೇಕಾದರೆ ಸ್ಟ್ಯಾಂಡನ್ನು ಹೌಸಿಂಗ್‌ನ ಅಡಿಗೆ ಕೊಡಿ. ಹಾಗೆ ಎತ್ತಿಟ್ಟು ಎಂಜಿನ್ನಿನಿಂದ ಚಕ್ರ ಓಡಿಸಿ ಪರೀಕ್ಷಿಸುವ ಸಾಹಸ ಮಾತ್ರ ಬೇಡ. ಗೇರ್ ಬಾಕ್ಸಿನಿಂದ ಹೊರಬರುವ ದಂಡ, ಮುಂದಿನ ಶಾಫ್ಟ್, ಹಿಂದಿನ ಶಾಫ್ಟ್, ಪಿನಿಯನ್ (ಶಾಫ್ಟ್ ತಿರುಗಿಸುವ ಸಣ್ಣ ಹಲ್ಲುಚಕ್ರದ ದಂಡ) ಇವು ನಾಲ್ಕರ ಇಳಿಜಾರನ್ನು ಬರೆದುಕೊಳ್ಳಿ. ಪಿನಿಯನ್ನಿನದನ್ನು ಫ್ಲ್ಯಾಂಜಿನ (ಶಾಫ್ಟನ್ನು ಬೋಲ್ಟ್ ಮಾಡುವ ಬಿಲ್ಲೆಯ) ಮುಖಕ್ಕೆ ಮಾಪಕ ಹಿಡಿದು 90ರಿಂದ ಕಳೆದು ಲೆಕ್ಕ ಹಾಕಬಹುದು. ನಮಗೆ ಬೇಕಿರುವುದು ಇವುಗಳ ನಡುವಿನ ವ್ಯತ್ಯಾಸ ಮಾತ್ರವಾದ್ದರಿಂದ ಶೆಡ್ಡಿನ ನೆಲ ತುಸು ಓರೆಯಾಗಿದ್ದರೂ ಚಿಂತೆಯಿಲ್ಲ.

ತೋಟದಮನೆ (ಸಾಗರ):

ಖಾಲಿ ಗಾಡಿಯಲ್ಲಿ, ಮುಂದಿನಿಂದ ಹಿಂದಕ್ಕೆ ಇಳಿಜಾರು ಹೀಗಿದೆ: ಗೇರ್ ಬಾಕ್ಸ್ 3 ಡಿಗ್ರಿ, ಮುಂದಿನ ಶಾಫ್ಟ್ 2.5, ಹಿಂದಿನ ಶಾಫ್ಟ್ 9, ಪಿನಿಯನ್ 5.5. ಮೂರು ಸಲ ಅಳೆದಿದ್ದೇನೆ.

ಲೇತ್ ಕೆಲಸ (ಹಾಸನ):

ಅಳತೆ ಅಚ್ಚುಕಟ್ಟಾಗಿದೆ. ಮೊದಲ ಜಾಯಿಂಟಿನ ಕೋನ ಅರ್ಧ ಡಿಗ್ರಿ. ಅದಕ್ಕೆ ಕೈ ಹಚ್ಚಬೇಡಿ. ವಾಷರ್ ಕೊಟ್ಟು ಸೆಂಟರ್ ಬೇರಿಂಗ್ ಇಳಿಸುವುದನ್ನು ಮೊದಲ ಉಪಾಯವಾಗಿ ನಾನು ಒಪ್ಪದಿರುವುದು ಇದಕ್ಕಾಗಿಯೇ: ಅದು ಸರಿಯಿರುವ ಈ ಜಾಯಿಂಟನ್ನೂ ಕದಲಿಸುತ್ತದೆ, ಅಲ್ಲಿ ಹುಟ್ಟುವ ಏರಿಳಿತವನ್ನು ರದ್ದುಮಾಡುವ ಜೊತೆಗಾರ ಜಾಯಿಂಟ್ ಬೇರೆ ಇಲ್ಲ.

ತೊಂದರೆ ಇರುವುದು ಹಿಂದಿನ ಶಾಫ್ಟಿನಲ್ಲಿ. ಅದರ ಮುಂದಿನ ತುದಿಯಲ್ಲಿ ಕೋನ 6.5, ಹಿಂದಿನ ತುದಿಯಲ್ಲಿ 3.5. ಇವೆರಡೂ ಸಮನಾಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ನುಂಗಿಕೊಳ್ಳುತ್ತಿತ್ತು. ವ್ಯತ್ಯಾಸ ಒಂದು ಡಿಗ್ರಿಯೊಳಗಿದ್ದರೆ ಸಾಮಾನ್ಯವಾಗಿ ತಿಳಿಯುವುದಿಲ್ಲ. ನಿಮ್ಮಲ್ಲಿ 3 ಡಿಗ್ರಿ ಇದೆ. ಮೂರೇ ಅಲ್ಲವೇ ಎಂದುಕೊಳ್ಳಬಾರದು, ಏಕೆಂದರೆ ಏರಿಳಿತ ಬೆಳೆಯುವುದು ಕೋನದ ವರ್ಗದ ಪ್ರಮಾಣದಲ್ಲಿ. 6.5ರ ವರ್ಗ 42.25, 3.5ರದು 12.25, ಕಳೆದರೆ 30, ಅದರ ವರ್ಗಮೂಲ ಸುಮಾರು 5.5. ಅಂದರೆ ಜೊತೆಯಿಲ್ಲದ ಒಂಟಿ ಜಾಯಿಂಟೊಂದು 5.5 ಡಿಗ್ರಿಯಲ್ಲಿ ತಿರುಗಿದರೆ ಎಷ್ಟು ಏರಿಳಿತವಾಗುತ್ತದೋ ಅಷ್ಟನ್ನು ನಿಮ್ಮ ಕ್ರೌನ್ ಪಿನಿಯನ್ ಸಹಿಸುತ್ತಿದೆ. ಇದನ್ನು 3ರೊಳಗೆ ಇಡಬೇಕೆಂಬುದು ರೂಢಿ. ಭಾರ ಹೇರಿದಾಗ ಸ್ಪ್ರಿಂಗ್ ಚಪ್ಪಟೆಯಾಗಿ ಎರಡೂ ಕೋನಗಳು ಒಟ್ಟಿಗೆ ಕುಗ್ಗುವುದರಿಂದ ನಿಮಗೆ ನಡುಕ ಕಾಣುವುದಿಲ್ಲ.

ಪ್ಲೇಟ್ ಹೆಚ್ಚಾದದ್ದರಿಂದ ಗಾಡಿ ಎತ್ತರವಾಗಿ ಎರಡೂ ಕೋನಗಳು ಹೆಚ್ಚೂಕಡಿಮೆ ಸಮವಾಗಿ ಏರಬೇಕಿತ್ತು. ಒಂದೇ ಏಕೆ ಹಿಂದೆ ಉಳಿಯಿತು ಎಂಬುದೇ ನನ್ನನ್ನು ಕಾಡುತ್ತಿದೆ. ಹೌಸಿಂಗ್‌ನ ಮೂತಿ (ಪಿನಿಯನ್ ಇರುವ ಮುಂಭಾಗ) ಬೇಕಾದ್ದಕ್ಕಿಂತ 3 ಡಿಗ್ರಿ ಮೇಲಕ್ಕೆ ನೋಡುತ್ತಿದೆ. ಸ್ಪ್ರಿಂಗಿಗೂ ಹೌಸಿಂಗ್‌ನ ಪೀಠಕ್ಕೂ ನಡುವೆ ಬೆಣೆಯಾಕಾರದ ಪಟ್ಟಿ ಏನಾದರೂ ಇದೆಯೇ? ಇದ್ದರೆ ದಪ್ಪನೆಯ ತುದಿ ಯಾವ ಕಡೆಗಿದೆ?

ತೋಟದಮನೆ (ಸಾಗರ):

ಇದೆ. ಎರಡೂ ಬದಿಯಲ್ಲಿ ದಪ್ಪ ತುದಿ ಹಿಂದಕ್ಕಿದೆ. ಸ್ಪ್ರಿಂಗನ್ನು ಹೌಸಿಂಗ್‌ಗೆ ಬಿಗಿಯುವ ಯು ಬೋಲ್ಟ್‌ಗಳನ್ನು ಒಂದು ಬದಿಯಲ್ಲಿ ಬಿಚ್ಚಿ ಅಳೆದೆ: 100 ಮಿ.ಮೀ. ಉದ್ದಕ್ಕೆ ಒಂದು ತುದಿ 7 ಮಿ.ಮೀ., ಇನ್ನೊಂದು 9.6 ಮಿ.ಮೀ. ಪಕ್ಕದೂರಿನ ಸಂಬಂಧಿಕರಲ್ಲಿ ಇದೇ ಮಾದರಿಯ, ಯಾರೂ ಬಿಚ್ಚದ ಗಾಡಿಯಿದೆ. ಹೋಗಿ ಇಣುಕಿ ನೋಡಿದರೆ ಅದರಲ್ಲಿ ದಪ್ಪ ತುದಿ ಮುಂದಕ್ಕಿದೆ.

ಲೇತ್ ಕೆಲಸ (ಹಾಸನ):

ಹಾಗಾದರೆ ಸಿಕ್ಕಿತು. ನಿಮ್ಮ ಬೆಣೆ 1.5 ಡಿಗ್ರಿಯದು. ಅದು ಹಿಂದುಮುಂದಾದಾಗ ಇರಬೇಕಾದ 1.5 ಹೋಯಿತು, ಎದುರು ದಿಕ್ಕಿಗೆ ಮತ್ತೊಂದು 1.5 ಸೇರಿತು, ಒಟ್ಟು 3. ಸೆಂಟರ್ ಬೋಲ್ಟಿನ ತೂತು ನಡುವೆಯೇ ಇರುವುದರಿಂದ ಅದು ಹೇಗೆ ಬೇಕಾದರೂ ಕೂರುತ್ತದೆ, ಅವಸರದ ಕೈಗೆ ತಿಳಿಯುವುದಿಲ್ಲ. ಸ್ಪ್ರಿಂಗ್ ಹೌಸಿಂಗ್‌ನ ಮೇಲೆ ಕೂರುವ ನಿಮ್ಮಂಥ ಗಾಡಿಯಲ್ಲಿ ದಪ್ಪ ತುದಿ ಮುಂದಿದ್ದರೆ ಮೂತಿ ತಗ್ಗುತ್ತದೆ.

ಬಿಚ್ಚಿದ್ದು ಹೇಗೂ ಆಯಿತು, ಹೆಚ್ಚಿಗೆ ಹಾಕಿಸಿದ ಎರಡರಲ್ಲಿ ಒಂದೊಂದು ಪ್ಲೇಟನ್ನೂ ತೆಗೆಯಿರಿ ಎಂಬುದು ನನ್ನ ಒತ್ತಾಯದ ಸಲಹೆ. ಮೂತಿ ತಗ್ಗಿದಾಗ ಹಿಂದಿನ ಶಾಫ್ಟ್ ಇನ್ನಷ್ಟು ಕಡಿದಾಗುತ್ತದೆ. ಎರಡೂ ಪ್ಲೇಟ್ ಉಳಿದರೆ ಕೋನಗಳು ಸಮವಾದರೂ 7 ಡಿಗ್ರಿ ದಾಟುತ್ತವೆ. ಆಗ ಪಿನಿಯನ್ನಿಗೆ ಏರಿಳಿತ ತಲುಪದಿದ್ದರೂ ಆ ಎರಡು ಜಾಯಿಂಟುಗಳ ನಡುವಿನ ಹಿಂದಿನ ಶಾಫ್ಟ್ ತಾನೇ ಒದ್ದಾಡುತ್ತದೆ, ಕ್ರಾಸ್‌ಗಳೂ ಬೇಗ ಸವೆಯುತ್ತವೆ.

ತೋಟದಮನೆ (ಸಾಗರ):

ಎರಡು ದಿನದ ಕೆಲಸ ಮುಗಿಯಿತು. ಬೆಣೆಗಳನ್ನು ತಿರುಗಿಸಿ, ಒಂದೊಂದು ಪ್ಲೇಟ್ ತೆಗೆದು, ಹೊಸ ಯು ಬೋಲ್ಟ್ ಹಾಕಿದ್ದೇನೆ. ಈಗ ಹಿಂದಿನ ಶಾಫ್ಟ್ 8.5 ಡಿಗ್ರಿ, ಪಿನಿಯನ್ 2.8. ಅಂದರೆ ಕೋನಗಳು 6 ಮತ್ತು 5.7. ಖಾಲಿ ಗಾಡಿಯನ್ನು 70ರವರೆಗೆ ಓಡಿಸಿದೆ, ಗೇರ್ ಲಿವರ್ ನಿಶ್ಚಲವಾಗಿತ್ತು. 62ರ ಶಿಖರ ಕುಗ್ಗಿ ಉಳಿದ ಗದ್ದಲದೊಳಗೆ ಸೇರಿಹೋಗಿದೆ. 31ರ ಸಣ್ಣ ಗುಡ್ಡೆ ಮಾತ್ರ ಹಾಗೇ ಇದೆ, ಆದರೆ ಮೈಗೆ ತಿಳಿಯುವುದಿಲ್ಲ. ಹೊಸ ಶಾಫ್ಟಿನ ಖರ್ಚು ಉಳಿಯಿತು. ನನ್ನ ಗಾಡಿಯನ್ನು ಕಣ್ಣಾರೆ ನೋಡದೆ ಇಷ್ಟು ತಾಳ್ಮೆಯಿಂದ ಬಿಡಿಸಿ ಹೇಳಿದ್ದೀರಿ. ಇಬ್ಬರ ಉಪಕಾರವನ್ನೂ ಮರೆಯಲಾರೆ.

ಘಟ್ಟದ ಚಾಲಕ (ಶಿರಸಿ):

ಬಹಳ ಸಂತೋಷ. 31ರದು ಶಾಫ್ಟಿನ ತೂಕದ ಸಣ್ಣ ವ್ಯತ್ಯಾಸ; ಮೈಗೆ ತಿಳಿಯುವವರೆಗೆ ಅದನ್ನು ಬಿಟ್ಟುಬಿಡಿ, ತಿಳಿಯತೊಡಗಿದರೆ ಬ್ಯಾಲೆನ್ಸಿಂಗ್ ಯಂತ್ರವಿರುವ ಕಡೆ ಕೊಡಿ. ಹೊಸ ಯು ಬೋಲ್ಟ್‌ಗಳು ಮೊದಲ ಕೆಲವು ದಿನ ಹಿಗ್ಗುತ್ತವೆ, ಪ್ಲೇಟ್‌ಗಳೂ ಒಂದಕ್ಕೊಂದು ಒತ್ತಿಕೊಂಡು ಕೂರುತ್ತವೆ. ಒಂದೆರಡು ಲೋಡ್ ಹೊಡೆದ ಮೇಲೆ, ಗಾಡಿ ನೆಲದ ಮೇಲಿರುವಾಗಲೇ, ನಟ್ಟುಗಳನ್ನು ಎದುರುಬದುರಾಗಿ ಮತ್ತೊಮ್ಮೆ ಬಿಗಿ ಮಾಡಿ.