‘ಮದ್ದಿಗೆ ಬಗ್ಗದ ಇಸುಬು’ ಎನ್ನಬಹುದೇ?

ಕುಮಟಾ, ಹೊನ್ನಾವರ ಕಡೆಯ ಓದುಗರಿಗಾಗಿ ಚರ್ಮದ ಕಾಯಿಲೆಗಳ ಕಿರುಪುಸ್ತಿಕೆಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ದೇಹದೊಳಗಿನ ಕ್ಯಾನ್ಸರ್ ಕೆಲವೊಮ್ಮೆ ಮೊದಲು ಚರ್ಮದ ಮೇಲೆ ಕಾಣಿಸಿಕೊಳ್ಳುವುದನ್ನು ಕುರಿತ ಅಧ್ಯಾಯದಲ್ಲಿ ‘ಮದ್ದಿಗೆ ಬಗ್ಗದ’ ಮತ್ತು ‘ಲಕ್ಷಣ’ ಎಂಬ ಎರಡು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಮಳೆಗಾಲದಲ್ಲಿ ಒದ್ದೆ ಬಟ್ಟೆ ಮೈಮೇಲೇ ಆರುವ ನಮ್ಮ ಕರಾವಳಿಯಲ್ಲಿ ತುರಿಸುವುದೆಲ್ಲ ಗಜಕರ್ಣ, ನೀರು ಒಸರುವುದೆಲ್ಲ ಇಸುಬು. ಹೆಸರು ಸಿಕ್ಕಿತೆಂದರೆ ಮೆಡಿಕಲ್ ಶಾಪಿನಿಂದ ಟ್ಯೂಬೂ ಬಂದಾಯಿತು. ಜೇಮ್ಸ್ ಪ್ಯಾಜೆಟ್ ಎಂಬ ಆಂಗ್ಲ ಶಸ್ತ್ರವೈದ್ಯ 1874ರಲ್ಲಿ ವಿವರಿಸಿದ ಮೊಲೆತೊಟ್ಟಿನ ರೋಗದಲ್ಲಿ, ಸಾಮಾನ್ಯವಾಗಿ ಒಂದೇ ಬದಿಯ ತೊಟ್ಟು ಕೆಂಪಾಗಿ, ಹಕ್ಕಳೆ ಕಟ್ಟಿ, ಒಸರುತ್ತ ತಿಂಗಳುಗಟ್ಟಲೆ ಉಳಿಯುತ್ತದೆ. ಸ್ಟೀರಾಯ್ಡ್ ಮುಲಾಮಿಗೆ ತುಸು ತಗ್ಗಿದಂತೆ ಕಂಡು ಮತ್ತೆ ಮರಳುವುದೂ ಉಂಟು. ಹೆಚ್ಚಿನವರಲ್ಲಿ ಅದೇ ಸ್ತನದ ಒಳಗೂ ಕ್ಯಾನ್ಸರ್ ಇರುತ್ತದೆ, ಮತ್ತು ಬಯಾಪ್ಸಿ ಮಾಡದೆ ಇದು ಖಚಿತವಾಗದು. ಇದನ್ನು ‘ಇಸುಬಿನಂಥ’ ಎಂದು ಬರೆದರೆ ಓದುವವರು ‘ಅಂಥ’ವನ್ನು ಬಿಟ್ಟು ಇಸುಬನ್ನಷ್ಟೇ ಹಿಡಿದುಕೊಳ್ಳುತ್ತಾರೆಂಬುದು ನನ್ನ ಆತಂಕ.

ಚಿಕಿತ್ಸೆ ಮಾಡಿದರೂ ಹೋಗದ ಇಂಥವಕ್ಕೆ ಯಾವ ವಿಶೇಷಣ ಬಳಸುವುದೆಂಬುದು ಮೊದಲ ಪ್ರಶ್ನೆ. ‘ದೀರ್ಘಕಾಲೀನ’ ಎಂಬುದು ಕಾಲವನ್ನು ಮಾತ್ರ ಹೇಳುತ್ತದೆ. ಸೋರಿಯಾಸಿಸ್ ಕೂಡ ದೀರ್ಘಕಾಲೀನವೇ. ‘ಮಾಯದ’ ಎಂಬುದು ಹಳೆಯ ಸುಟ್ಟ ಕಲೆಯ ಮೇಲೆದ್ದ ಹುಣ್ಣಿಗೆ (ಅದನ್ನೂ ಪರೀಕ್ಷಿಸಲೇಬೇಕು) ಚೆನ್ನಾಗಿ ಒಪ್ಪುತ್ತದೆ, ಆದರೆ ತುರಿಕೆಗಾಗಲಿ ಬಣ್ಣಗೆಟ್ಟ ಚರ್ಮಕ್ಕಾಗಲಿ ಒಗ್ಗುವುದಿಲ್ಲ. ಆದ್ದರಿಂದ ‘ಮದ್ದಿಗೆ ಬಗ್ಗದ’ ಎಂದು ಬರೆದಿದ್ದೇನೆ.

ಎರಡನೆಯದು ‘ಲಕ್ಷಣ’. ಕುತ್ತಿಗೆ, ಕಂಕುಳುಗಳ ಚರ್ಮ ಕಪ್ಪಾಗಿ ಮಖಮಲ್ಲಿನಂತೆ ದಪ್ಪವಾಗುವುದಕ್ಕೆ ಬಹುಪಾಲು ಕಾರಣ ಬೊಜ್ಜು ಮತ್ತು ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದು. ಎಷ್ಟೋ ಮನೆಗಳಲ್ಲಿ ಅದನ್ನು ಕೊಳೆಯೆಂದು ಉಜ್ಜುತ್ತಾರೆ. ಆದರೆ ಬೊಜ್ಜಿಲ್ಲದ ನಡುವಯಸ್ಸು ದಾಟಿದವರಲ್ಲಿ ಅದು ಏಕಾಏಕಿ ಹಬ್ಬಿ, ಅಂಗೈಯೂ ದಪ್ಪವಾಗಿ, ತೂಕ ಇಳಿಯತೊಡಗಿದರೆ ಜಠರದ ಕ್ಯಾನ್ಸರನ್ನು ಶಂಕಿಸಬೇಕಾಗುತ್ತದೆ. ಎರಡಕ್ಕೂ ಸೇರಿಸಿ ‘ಕ್ಯಾನ್ಸರಿನ ಲಕ್ಷಣ’ ಎಂದರೆ ಕುತ್ತಿಗೆ ಕಪ್ಪಾದ ಶಾಲಾಮಕ್ಕಳ ತಾಯಂದಿರು ಸುಮ್ಮನೆ ಹೆದರಿಯಾರು. ನನ್ನ ಒಲವು ‘ಸುಳಿವು’ ಎಂಬುದರ ಕಡೆಗಿದೆ. ವೈದ್ಯಕೀಯ ಬರಹಕ್ಕೆ ಅದು ತೀರ ಪತ್ತೇದಾರಿಯಾಯಿತೆಂದು ಸ್ನೇಹಿತರೊಬ್ಬರ ಆಕ್ಷೇಪ.

‘ಮದ್ದು ಹಾಕುವುದು’ ಎಂಬ ಮಾತಿನಿಂದಾಗಿ ‘ಮದ್ದು’ ಪದಕ್ಕೆ ಅಂಕೋಲಾ, ಕಾರವಾರಗಳಲ್ಲಿ ಕೈಮದ್ದಿನ (ಗುಟ್ಟಾಗಿ ತಿನ್ನಿಸುವ ಮಾಟದ ಮದ್ದಿನ) ಛಾಯೆ ಅಂಟಿದೆಯೇ, ಅಥವಾ ಇಲ್ಲಿ ಅದು ನಿರಪಾಯವೇ? ಅಂಟಿದ್ದರೆ ‘ಔಷಧಿಗೆ ಬಗ್ಗದ’ ಎಂದು ತಿದ್ದುತ್ತೇನೆ.