ಗೋಡೆ ತುಂಬ ಸುಭಾಷಿತ, ಊಟದ ಸಾಲಲ್ಲಿ ತಳ್ಳಾಟ: ದೊಡ್ಡವರು ಎಲ್ಲಿಂದ ಶುರುಮಾಡಬೇಕು?

ಪ್ರಶ್ನೆ (ಮುಖ್ಯಶಿಕ್ಷಕರು, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ತುಮಕೂರು ಜಿಲ್ಲೆ)

ನಮ್ಮಲ್ಲಿ 6, 7, 8ನೇ ತರಗತಿ ಸೇರಿ 140 ಮಕ್ಕಳು, 7 ಜನ ಶಿಕ್ಷಕರು. ಪ್ರಾರ್ಥನೆಯಲ್ಲಿ ದಿನಾ ಒಂದು ನೀತಿಮಾತು ಓದಿಸುತ್ತೇವೆ. ಆದರೂ ಬಿಸಿಯೂಟದ ಸಾಲಲ್ಲಿ ತಳ್ಳಾಟ, ಚಿಕ್ಕವರಿಗೆ ಅಡ್ಡಹೆಸರು, ತಪ್ಪು ಮಾಡಿ ಇನ್ನೊಬ್ಬರ ಮೇಲೆ ಹಾಕುವುದು ನಿಂತಿಲ್ಲ. ಮೊದಲು ನಾವು ಬದಲಾಗೋಣ ಎಂದು ಶಿಕ್ಷಕರೆಲ್ಲ ಒಪ್ಪಿದ್ದಾರೆ. ಸೋಮವಾರದಿಂದಲೇ ಮಾಡಬಹುದಾದ್ದು ಏನು, ದಯವಿಟ್ಟು ತಿಳಿಸಿ.

ಉತ್ತರ (ಮುಖ್ಯಶಿಕ್ಷಕಿ, ಹಾಸನ)

ಸರ್, ಊಟದಿಂದಲೇ ಶುರುಮಾಡಿ. ಇಡೀ ಶಾಲೆ ಒಟ್ಟಿಗೆ ಸೇರಿ, ದೊಡ್ಡವರು ಹೇಗಿದ್ದಾರೆಂದು ಮಕ್ಕಳು ಕಣ್ಣಿಟ್ಟು ನೋಡುವ ಹೊತ್ತು ಅದು.

ತಳ್ಳಾಟಕ್ಕೆ ಕಾರಣ ಬರೀ ಮಕ್ಕಳ ಗುಣವಲ್ಲ, ಸಾಲಿನ ಉದ್ದವೂ ಹೌದು. ಒಂದೇ ಕಡೆ ಬಡಿಸಿದರೆ ಒಬ್ಬರಿಗೆ 10 ಸೆಕೆಂಡ್ ಎಂದರೂ 140 ಮಕ್ಕಳಿಗೆ 23 ನಿಮಿಷ ಬೇಕು. ಹಿಂದಿದ್ದವನಿಗೆ ಸಾರು ಮುಗಿಯುವ ಭಯ, ಆಟದ ಹೊತ್ತು ಹೋಗುವ ಭಯ. ಎರಡು ಕಡೆ ಬಡಿಸಿ, ಎರಡೂ ಕಡೆ ಒಂದೇ ಅಳತೆಯ ಸೌಟು ಇಡಿ. ಮೊದಲು ಬರುವ ತರಗತಿಯನ್ನು ದಿನಕ್ಕೊಂದರಂತೆ ಬದಲಿಸಿ, ಪಟ್ಟಿಯನ್ನು ಗೋಡೆಗೆ ಅಂಟಿಸಿ. ಎರಡನೇ ಸಲ ಬಡಿಸುವುದು ಎಲ್ಲರಿಗೂ ಒಂದು ಸುತ್ತು ಆದ ಮೇಲೆಯೇ.

ಆಮೇಲೆ ಶಿಕ್ಷಕರ ಜಾಗ. ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿ ಕೂತವರು ಹೊರಗೆ ಬಂದು "ಎಲ್ಲರೂ ಒಂದೇ" ಎಂದರೆ ಯಾವ ಮಗುವೂ ನಂಬುವುದಿಲ್ಲ. ದಿನಕ್ಕೆ ಇಬ್ಬರಾದರೂ ಸಾಲಿನ ಕೊನೆಯಲ್ಲಿ ನಿಂತು, ಅದೇ ಅಡುಗೆ ಹಾಕಿಸಿಕೊಂಡು, ಮಕ್ಕಳ ಪಂಕ್ತಿಯಲ್ಲೇ ನೆಲದ ಮೇಲೆ ಕೂರಬೇಕು. ತಟ್ಟೆಯನ್ನು ತಾವೇ ತೊಳೆಯಬೇಕು. ಯಾವ ಮಗು ನೀರು ತಂದುಕೊಟ್ಟರೂ ಕುಡಿಯಬೇಕು. ಯಾರ ಕೈನೀರು ಯಾರು ಕುಡಿದರು, ಯಾರ ಪಕ್ಕ ಯಾರು ಕೂತರು ಎಂಬ ಲೆಕ್ಕ ಹಳ್ಳಿ ಮಕ್ಕಳಿಗೆ ಆರನೇ ತರಗತಿಗೆ ಬರುವ ಹೊತ್ತಿಗೆ ಚೆನ್ನಾಗಿ ಗೊತ್ತಿರುತ್ತದೆ. ಪಂಕ್ತಿಯಲ್ಲಿ ಬಂದ ಕ್ರಮದಲ್ಲೇ ಕೂರಿಸಿ. "ನಿಮಗೆ ಬೇಕಾದವರ ಜೊತೆ ಕೂತ್ಕೊಳ್ಳಿ" ಎಂದರೆ ಕೇರಿ ಕೇರಿಯಾಗಿಯೇ ಕೂರುತ್ತಾರೆ.

ಅಡುಗೆಯವರನ್ನು "ಅಕ್ಕ, ಬನ್ನಿ" ಎಂದು ಕರೆಯಿರಿ. ನಾವು "ಏಯ್, ಸಾರು ತಾ" ಎಂದರೆ, ಯಾರನ್ನು ಏಕವಚನದಲ್ಲಿ ಕರೆಯಬಹುದು ಎಂಬ ಪಾಠ ಮಕ್ಕಳಿಗೆ ಅಲ್ಲೇ ಆಗಿಹೋಗುತ್ತದೆ. ಅಡ್ಡಹೆಸರಿನ ಮೂಲವೂ ಎಷ್ಟೋ ಸಲ ಇದೇ. ಶಿಕ್ಷಕರು ಪ್ರೀತಿಯಿಂದಲೇ "ಕುಳ್ಳ", "ಕರಿಯ" ಎಂದು ಕರೆದದ್ದು ಮಧ್ಯಾಹ್ನದೊಳಗೆ ಶಾಲೆಯೆಲ್ಲ ಹಬ್ಬಿರುತ್ತದೆ. ಹಾಜರಿಯಲ್ಲಿರುವ ಹೆಸರು ಬಿಟ್ಟು ಬೇರೇನೂ ಕರೆಯಬೇಡಿ.

ಇನ್ನೊಂದು, ಅಡುಗೆ ಸಾಮಾನನ್ನು ಮಕ್ಕಳ ಎದುರೇ ತೂಗಿ. 6ರಿಂದ 8ನೇ ತರಗತಿಯ ಮಗುವಿಗೆ ದಿನಕ್ಕೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ. ಹಾಜರಿ 120 ಇದ್ದರೆ 18 ಕೆ.ಜಿ. ಅಕ್ಕಿ, 3.6 ಕೆ.ಜಿ. ಬೇಳೆ, 9 ಕೆ.ಜಿ. ತರಕಾರಿ. ಏಳನೇ ತರಗತಿಯವರು ಸರದಿಯಂತೆ ಲೆಕ್ಕ ಹಾಕಿ ಕರಿಹಲಗೆಯಲ್ಲಿ ಬರೆಯಲಿ. ರುಚಿ ನೋಡಿದ ಶಿಕ್ಷಕರು ಅದರ ಪಕ್ಕದಲ್ಲೇ ಸಹಿ ಹಾಕಲಿ. ಪ್ರಾಮಾಣಿಕತೆ ಎಂದರೇನು ಎಂದು ಬೇರೆ ಹೇಳಿಕೊಡಬೇಕಾಗಿಲ್ಲ.

ಉತ್ತರ (ವಿಜ್ಞಾನ ಶಿಕ್ಷಕಿ, ಶಿವಮೊಗ್ಗ)

ಮೇಡಂ ಹೇಳಿದ್ದಕ್ಕೆ ಸೇರಿಸುತ್ತೇನೆ. ತಪ್ಪು ಒಪ್ಪಿಕೊಳ್ಳುವುದನ್ನು ಮಕ್ಕಳು ಕಲಿಯುವುದು ನಾವು ಒಪ್ಪಿಕೊಂಡಾಗ ಮಾತ್ರ. ಹಲಗೆಯ ಮೇಲಿನ ತಪ್ಪನ್ನು ಮಗು ತೋರಿಸಿದಾಗ "ನಿಮ್ಮನ್ನು ಪರೀಕ್ಷೆ ಮಾಡೋಕೆ ಹಾಗೆ ಬರೆದೆ" ಎನ್ನಲೇಬೇಡಿ. ಅದು ಸುಳ್ಳೆಂದು ಮಕ್ಕಳಿಗೆ ಗೊತ್ತು. "ನೀನು ಹೇಳಿದ್ದೇ ಸರಿ" ಎಂದು ಅಳಿಸಿ ಬರೆಯಿರಿ, ಸಾಕು.

ಎಲ್ಲರೆದುರು ಬೈದಿದ್ದರೆ ಕ್ಷಮೆಯನ್ನೂ ಎಲ್ಲರೆದುರೇ ಕೇಳಬೇಕು. ಮೂರೇ ವಾಕ್ಯ: "ನಿನ್ನೆ ವಿಚಾರಿಸದೆ ನಿನ್ನನ್ನು ಬೈದೆ. ಅದು ತಪ್ಪು. ಇನ್ನು ಮೇಲೆ ಕೇಳಿಯೇ ಮಾತಾಡ್ತೀನಿ." ನಾಲ್ಕನೇ ವಾಕ್ಯವಾಗಿ "ಆದರೆ ನೀನೂ..." ಎಂದು ಸೇರಿಸಿದರೆ ಮೊದಲ ಮೂರೂ ವ್ಯರ್ಥ.

ಫೋನ್ ಕಚೇರಿಯಲ್ಲಿರಲಿ. ಇಲಾಖೆಯ ಆ್ಯಪ್‌ಗಾಗಿ ತರಗತಿಗೆ ತರಲೇಬೇಕಾದರೆ "ಹಾಜರಾತಿ ಹಾಕ್ತಿದ್ದೇನೆ" ಎಂದು ಜೋರಾಗಿ ಹೇಳಿ, ಮುಗಿದೊಡನೆ ಎತ್ತಿಡಿ.

ಉತ್ತರ (ದೈಹಿಕ ಶಿಕ್ಷಕರು, ಧಾರವಾಡ ಕಡೆ)

ಮೈದಾನದ ಮಾತು ನಾ ಹೇಳತೇನ್ರಿ. ಇಬ್ಬರು ಲೀಡರ್ ಮಾಡಿ ಒಬ್ಬೊಬ್ಬರನ್ನ ಆರಿಸೋ ಪದ್ಧತಿ ಬಿಡ್ರಿ, ಕೊನೀಗೆ ಉಳಿಯೋ ಹುಡುಗ ದಿನಾ ಅವನ ಆಗಿರತಾನ. ಹಾಜರಿ ನಂಬರ್ ಸಮ-ಬೆಸ ಮಾಡಿ ತಂಡ ಕಟ್ಟರಿ. ಅಂಪೈರ್ ಆದವರು ತಪ್ಪು ಕೊಟ್ರ ಅಲ್ಲೇ "ತಪ್ಪಾತು" ಅಂದು ತಿದ್ದಬೇಕು. ಕ್ರೀಡಾಕೂಟಕ್ಕ ವಯಸ್ಸು ತಿದ್ದಿ ಹುಡುಗನ್ನ ಇಳಿಸಿದ್ರ, ಆ ಸುಳ್ಳಿಗೆ ಇಡೀ ತರಗತಿ ಸಾಕ್ಷಿ ಆಗತೈತಿ. ಪ್ರತಿಭಾ ಕಾರಂಜಿ ಸ್ಪರ್ಧೆಗೆ ಮಕ್ಕಳ ಚಿತ್ರ ಮಾಸ್ತರ ತಾವ ಬರದು ಕೊಡೋದೂ ಅಷ್ಟ.

ಉತ್ತರ (ನಿವೃತ್ತ ಸಿ.ಆರ್.ಪಿ., ಅಂದರೆ ಸುತ್ತಲಿನ ಶಾಲೆಗಳಿಗೆ ಮಾರ್ಗದರ್ಶನ ಮಾಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಚಿತ್ರದುರ್ಗ)

ಮೇಲಧಿಕಾರಿಗಳ ಭೇಟಿಯ ದಿನದ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಅವತ್ತು ಮಾತ್ರ ಶೌಚಾಲಯದ ಬೀಗ ತೆಗೆಯುವುದು, ಅವತ್ತು ಮಾತ್ರ ಪ್ರಯೋಗದ ಸಾಮಾನು ಹೊರಗಿಡುವುದು, "ಕೇಳಿದರೆ ಹೀಗೆ ಹೇಳಿ" ಎಂದು ಬಾಯಿಪಾಠ ಮಾಡಿಸುವುದು. ವರ್ಷವಿಡೀ ಹೇಳಿದ ನೀತಿಪಾಠವನ್ನು ಈ ಒಂದು ದಿನ ತಿಂದುಹಾಕುತ್ತದೆ. ಕೊರತೆ ಇದ್ದರೆ ಅದನ್ನೇ ಬರೆದು ತೋರಿಸಿ. ನೀರಿಲ್ಲದ್ದಕ್ಕೆ ಬೀಗ ಹಾಕಿದ್ದರೆ ನೀರಿಲ್ಲ ಎಂದು ಮಕ್ಕಳೂ ಧೈರ್ಯವಾಗಿ ಹೇಳುವಂತಿರಬೇಕು.

ಸಲಹಾ ಪೆಟ್ಟಿಗೆ ಇದ್ದರೆ ಬೀಗ ಎರಡಿರಲಿ. ಒಂದರ ಕೀಲಿ ಶಿಕ್ಷಕಿಯ ಬಳಿ, ಇನ್ನೊಂದು ಎಸ್.ಡಿ.ಎಂ.ಸಿ.ಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ತಾಯಿ ಸದಸ್ಯೆಯ ಬಳಿ. ಪ್ರತಿ ಶುಕ್ರವಾರ ತೆರೆದು, ಸೋಮವಾರ ಪ್ರಾರ್ಥನೆಯಲ್ಲಿ ಉತ್ತರ ಹೇಳಿ. ಆಗದ ಕೆಲಸಕ್ಕೂ ಏಕೆ ಆಗುವುದಿಲ್ಲ ಎಂಬ ಉತ್ತರ ಬೇಕು. ಹೊಡೆತ, ಮೈಮುಟ್ಟುವುದು ಇಂಥ ದೂರುಗಳನ್ನು ಎಂದೂ ಓದಬಾರದು. ಅಂಥದ್ದು ಬಂದ ದಿನವೇ ಕ್ರಮ ಆಗಬೇಕು, ಮಕ್ಕಳ ಸಹಾಯವಾಣಿ 1098 ಪೆಟ್ಟಿಗೆಯ ಮೇಲೆಯೇ ಬರೆದಿರಲಿ. ಹೊಡೆಯುವುದನ್ನೂ ಮನಸ್ಸು ನೋಯಿಸುವ ಹಿಂಸೆಯನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ ಎಂಬುದು ಮಕ್ಕಳಿಗೂ ತಿಳಿದಿರಲಿ. ಪೆಟ್ಟಿಗೆ ಹಾಳಾಗುವುದು ಒಂದೇ ಕಾರಣಕ್ಕೆ: ಅಕ್ಷರ ನೋಡಿ ಬರೆದವರು ಯಾರೆಂದು ಹುಡುಕುವುದು. ಒಮ್ಮೆ ಹಾಗಾದರೆ ಮತ್ತೆ ಚೀಟಿ ಬೀಳುವುದಿಲ್ಲ.

ಉತ್ತರ (ಎಸ್.ಡಿ.ಎಂ.ಸಿ. ಸದಸ್ಯೆ, ಮಂಡ್ಯ)

ಅಪ್ಪ ಅಮ್ಮಂದಿರಿಗೂ ಹೇಳಿ ಸರ್. ಗುಟ್ಕಾ ಜಗಿಯುತ್ತಾ ಸಭೆಗೆ ಬರುವುದು, ಬೀಡಿ ತರಲು ಮಕ್ಕಳನ್ನೇ ಅಂಗಡಿಗೆ ಕಳಿಸುವುದು ನಿಲ್ಲಲಿ. ಶಾಲೆಯ 100 ಗಜದೊಳಗೆ ತಂಬಾಕು ಮಾರುವಂತಿಲ್ಲ, ಗೇಟಿನ ಪಕ್ಕದ ಅಂಗಡಿಗೆ ಎಸ್.ಡಿ.ಎಂ.ಸಿ.ಯವರೇ ಹೋಗಿ ಹೇಳಬೇಕು, ಮಕ್ಕಳ ಕೈಯಲ್ಲಿ ಹೇಳಿಸಬಾರದು.

ಪ್ರಶ್ನೆ ಕೇಳಿದವರು

ಸೋಮವಾರದಿಂದ ಎರಡು ಕಡೆ ಬಡಿಸುತ್ತೇವೆ, ಶಿಕ್ಷಕರ ಪಂಕ್ತಿಯ ಸರದಿ ಪಟ್ಟಿಯೂ ಸಿದ್ಧ. ಮೊದಲ ಹೆಸರು ನನ್ನದು. ಒಂದು ಕೇಳಬೇಕಿತ್ತು: ಮಂಡಿನೋವಿನಿಂದ ನೆಲದ ಮೇಲೆ ಕೂರಲಾಗದ ಶಿಕ್ಷಕರು ಏನು ಮಾಡಬೇಕು?

ಮುಖ್ಯಶಿಕ್ಷಕಿ, ಹಾಸನ

ಪಂಕ್ತಿಯ ಕೊನೆಗೆ ಸ್ಟೂಲ್ ಹಾಕಿಕೊಳ್ಳಲಿ ಸರ್, ಮಂಡಿನೋವು ಎಂದು ಮಕ್ಕಳಿಗೆ ಹೇಳಿಬಿಡಲಿ. ತಟ್ಟೆ, ಅನ್ನ, ಸಾರು ಮಾತ್ರ ಎಲ್ಲರದ್ದೇ ಇರಲಿ.