ಒಂದು ಹನಿ ನೀರು, ನಾಲ್ವರು ಪಂಡಿತರು

ನಮ್ಮ ಮನೆಯ ಗಟ್ಟಿಮರದ ನೆಲವು ಜ್ವರದಿಂದ ಎದ್ದವರ ಮುಖದಂತೆ ಬಿಳಿಚಿಕೊಂಡಿರುವುದನ್ನು ಮೊದಲು ಗಮನಿಸಿದವರು ವಕೀಲ ಮಿತ್ರರು. ಗಮನಿಸಿದ್ದನ್ನು ಹೇಳದೆ ಬಿಡುವುದು ಅವರ ವೃತ್ತಿಧರ್ಮಕ್ಕೆ ಒಗ್ಗುವುದಿಲ್ಲವಾದ್ದರಿಂದ, ಕುರ್ಚಿಯಲ್ಲಿ ಕೂರುವ ಮೊದಲೇ ಪಾಟೀಸವಾಲು ಆರಂಭವಾಯಿತು. ಕಳೆದ ಆರು ತಿಂಗಳಿನಿಂದ ಪ್ರತಿ ಭಾನುವಾರವೂ ನೀರಿಗೆ ಸಮಪಾಲು ವಿನೆಗರ್ ಬೆರೆಸಿ ಭಕ್ತಿಯಿಂದ ನೆಲ ಒರೆಸುತ್ತಿದ್ದೇನೆ ಎಂದು ನಾನು ಒಪ್ಪಿಕೊಂಡೆ.

“ವಿನೆಗರ್ ನಿಸರ್ಗಸಹಜವಾದ ವಸ್ತು. ಅದರಿಂದ ಕೇಡಾಗುವುದು ಹೇಗೆ?” ಎಂದು ವಕೀಲರು ಕೇಳಿದರು.

“ಚೇಳೂ ನಿಸರ್ಗಸಹಜವಾದದ್ದೇ,” ಎಂದರು ರಸಾಯನಶಾಸ್ತ್ರದ ಮೇಷ್ಟ್ರು. ಅವರು ವಿವರಿಸಿದ್ದರ ತಿರುಳು ಇಷ್ಟು: ಅಡುಗೆಮನೆಯ ವಿನೆಗರಿನಲ್ಲಿ ಸುಮಾರು 5 ಪ್ರತಿಶತ ಅಸಿಟಿಕ್ ಆಮ್ಲವಿರುತ್ತದೆ, ಒಂದು ಸಲ ಒರೆಸಿದರೆ ಕಣ್ಣಿಗೆ ಏನೂ ಕಾಣಿಸದಿದ್ದರೂ, ವಾರವಾರವೂ ಅದೇ ಅಭಿಷೇಕ ನಡೆದರೆ ಹಲಗೆಯ ಮೇಲಿನ ಪಾಲಿಯುರೆಥೇನಿನ ತೆಳುಪದರ ಕ್ರಮೇಣ ಮಂಕಾಗುತ್ತದೆ. “ನೀವು ಮರವನ್ನು ತೊಳೆಯುತ್ತಿದ್ದೇನೆ ಎಂದುಕೊಂಡಿದ್ದೀರಿ. ಮರವನ್ನು ನೀವು ಇದುವರೆಗೆ ಮುಟ್ಟಿಯೇ ಇಲ್ಲ. ಮುಟ್ಟುತ್ತಿರುವುದು ಅದು ಹೊದ್ದ ಅಂಗಿಯನ್ನು.”

ಅಲ್ಲಿಯವರೆಗೆ ಮೊಣಕಾಲು ನೀವಿಕೊಳ್ಳುತ್ತಾ ಸುಮ್ಮನಿದ್ದ ಲೆಕ್ಕಪರಿಶೋಧಕ ಮಿತ್ರರಿಗೆ ಇದೊಂದು ಜಮಾಖರ್ಚಿನ ಸಮಸ್ಯೆಯಂತೆ ಕಂಡಿತು. ಆಮ್ಲ ಹೆಚ್ಚಾದರೆ ಅಡುಗೆ ಸೋಡಾ ಬೆರೆಸಿ ಸರಿದೂಗಿಸಬಹುದಲ್ಲ ಎಂದು ಅವರು ಸೂಚಿಸಿದರು.

“ಲೆಕ್ಕ ಸರಿಹೋಗುತ್ತದೆ, ತೊಂದರೆಯೇ ಅದು,” ಎಂದು ಮೇಷ್ಟ್ರು ನಕ್ಕರು. “ಎರಡೂ ಒಂದನ್ನೊಂದು ತಿಂದುಹಾಕಿ, ಇಂಗಾಲದ ಡೈಆಕ್ಸೈಡ್ ಗುಳ್ಳೆಯಾಗಿ ಹಾರಿಹೋಗಿ, ಬಕೆಟ್ಟಿನಲ್ಲಿ ಉಳಿಯುವುದು ಬಹುತೇಕ ನೀರು ಮತ್ತು ಸೋಡಿಯಂ ಅಸಿಟೇಟ್ ಮಾತ್ರ. ಆ ನೊರೆಯ ಭೋರ್ಗರೆತ ಕೇಳಿ ಏನೋ ಮಹತ್ಕಾರ್ಯ ನಡೆಯುತ್ತಿದೆ ಎಂದು ಮನಸ್ಸಿಗೆ ಸಮಾಧಾನವಾಗುತ್ತದೆಯೇ ಹೊರತು ನೆಲದ ಕೊಳೆ ಇದ್ದಲ್ಲೇ ಇರುತ್ತದೆ. ಕರಗದೆ ಉಳಿದ ಸೋಡಾದ ಹರಳುಗಳು ಗೀರು ಬೇರೆ ಎಳೆಯುತ್ತವೆ.” ಬ್ಲೀಚಿನ ಮಾತು ಬಂದಾಗ ಮಾತ್ರ ಅವರು ನಗಲಿಲ್ಲ. ವಿನೆಗರಿಗೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲವೂ, ಅಮೋನಿಯಾಕ್ಕೆ ಬ್ಲೀಚ್ ಸೇರಿದರೆ ಕ್ಲೋರಮೀನ್ ಅನಿಲವೂ ಹೊಮ್ಮುವುದರಿಂದ, ಆ ಬೆರಕೆಯ ಯೋಚನೆಯೂ ಬೇಡವೆಂದು ಖಡಾಖಂಡಿತವಾಗಿ ಹೇಳಿದರು.

ವಕೀಲರು ಸೋಲೊಪ್ಪುವವರಲ್ಲ. “ಹಾಗಿದ್ದರೆ ಆಲಿವ್ ಎಣ್ಣೆ ಸವರಿ ನೋಡಿ, ಹೊಳಪು ಮರಳುತ್ತದೆ,” ಎಂದರು. ಅದನ್ನೂ ಎರಡು ವಾರದ ಹಿಂದೆ ಮಾಡಿದ್ದೆನೆಂದು ನಾನು ತಗ್ಗಿದ ದನಿಯಲ್ಲಿ ನಿವೇದಿಸಿಕೊಂಡೆ. ಗಣೇಶನ ಮಾಡಲು ಹೋಗಿ ಅವರಪ್ಪನ ಮಾಡಿದಂತಾಗಿತ್ತು. ಎರಡು ಗಂಟೆಯ ಕಾಲ ನೆಲವು ಕನ್ನಡಿಯಂತೆ ಥಳಥಳಿಸಿತು; ಆ ಮೇಲೆ ಮನೆಯ ಧೂಳೆಲ್ಲ ಅಲ್ಲಿಗೇ ವಲಸೆ ಬಂದು, ಓಡಾಡಿದವರ ಹೆಜ್ಜೆಗುರುತುಗಳನ್ನು ಸಾಕ್ಷಿಯಂತೆ ಕಾಪಿಟ್ಟುಕೊಂಡಿತು. ಪದರಕ್ಕೆ ಇಂಗಲಾರದ ಎಣ್ಣೆ ಮೇಲೆಯೇ ನಿಂತು ಜಿಗುಟಾಗುತ್ತದೆ, ಕಾಲೂ ಜಾರುತ್ತದೆ ಎಂದು ಮೇಷ್ಟ್ರು ಸೇರಿಸಿದರು.

ಲೆಕ್ಕಪರಿಶೋಧಕರು ಮೊಣಕಾಲು ನೀವುವುದನ್ನು ಥಟ್ಟನೆ ನಿಲ್ಲಿಸಿದರು. “ಎರಡು ವಾರದ ಹಿಂದೆಯೇ? ನಾನು ಇದೇ ಬಾಗಿಲ ಬಳಿ ಜಾರಿ ಬಿದ್ದ ಸಂಜೆಯೇ? ವಯಸ್ಸಾಯಿತೆಂದು ಭಾವಿಸಿ ವೈದ್ಯರಲ್ಲಿಗೆ ಹೋಗಿಬಂದೆನಲ್ಲ!”

ಮಾತು ಬದಲಿಸುವ ಆತುರದಲ್ಲಿ ನಾನು, ಸರಿಯಾದ ಕ್ರಮ ಯಾವುದೆಂದು ಮೇಷ್ಟ್ರನ್ನು ಕೇಳಿದೆ. ಉತ್ತರ ನಿರಾಶೆ ತರುವಷ್ಟು ಸರಳವಾಗಿತ್ತು. ಮರಳಿನ ಕಣಗಳು ಉಪ್ಪುಕಾಗದದಂತೆ ಪದರವನ್ನು ಉಜ್ಜುವುದರಿಂದ ಮೊದಲು ಒಣಗಿದ್ದಾಗಲೇ ಗುಡಿಸಬೇಕು. ಬಕೆಟ್ ನೀರಿಗೆ ಪಾತ್ರೆ ತೊಳೆಯುವ ಸೌಮ್ಯ ದ್ರವದ ಕೆಲವೇ ಹನಿ ಸಾಕು. ಮೈಕ್ರೋಫೈಬರ್ ಬಟ್ಟೆಯನ್ನು ಹನಿಯೂ ತೊಟ್ಟಿಕ್ಕದಂತೆ ಹಿಂಡಿ, ಮರದ ಎಳೆಯ ಗುಂಟ ಒರೆಸಿ, ಕೂಡಲೇ ಒಣಬಟ್ಟೆ ಆಡಿಸಬೇಕು. ನೀರು ಕುಡಿದ ಮರವು ಉದ್ದಕ್ಕೆ ಅಷ್ಟಾಗಿ ಹಿಗ್ಗದೆ ಅಗಲಕ್ಕೆ ಹಿಗ್ಗುತ್ತದೆ, ಹಲಗೆಯ ಅಂಚುಗಳು ದೋಣಿಯಂತೆ ಮೇಲೇಳುತ್ತವೆ. ಹಬೆಯ ಮಾಪ್ ಅಂತೂ ಸಂದುಗಳೊಳಕ್ಕೇ ತೇವವನ್ನು ನುಗ್ಗಿಸುತ್ತದೆ. ಮೇಣ ಹಚ್ಚಿದ ನೆಲಕ್ಕೆ ಈ ಒದ್ದೆಬಟ್ಟೆಯ ಸಹವಾಸವೂ ಸಲ್ಲದು.

“ನಮ್ಮ ನೆಲದ ಪದರ ಇನ್ನೂ ಬದುಕಿದೆಯೇ?” ಎಂದೆ.

“ಒಂದು ಹನಿ ನೀರು ಬಿಟ್ಟು ನೋಡಿ. ಮುತ್ತಿನಂತೆ ನಿಂತರೆ ಬದುಕಿದೆ. ಇಂಗಿ ಕಪ್ಪಾದರೆ ಸತ್ತಿದೆ, ಒರೆಸುವುದು ಬಿಟ್ಟು ಹೊಸದಾಗಿ ಲೇಪನ ಮಾಡಿಸಿ.”

ಬಾಗಿಲ ಬಳಿ, ಓಡಾಟ ಹೆಚ್ಚಿರುವ ಜಾಗದಲ್ಲಿ ಎಣ್ಣೆಯ ಜಿಗುಟು ತೆಗೆದು ಹನಿ ಬಿಡಲಾಯಿತು. ಸಮಾಜದಲ್ಲಿ ಗೌರವಸ್ಥರೆನಿಸಿಕೊಂಡ ನಾಲ್ವರು ಮೊಣಕಾಲೂರಿ, ತಲೆಗೆ ತಲೆ ತಾಗಿಸಿ, ಉಸಿರು ಬಿಗಿಹಿಡಿದು ಅದನ್ನೇ ದಿಟ್ಟಿಸಿದೆವು. ಮೂರು ನಿಮಿಷ ಕಳೆದರೂ ಹನಿ ಮಿಸುಕಲಿಲ್ಲ. ಆರೋಪಿ ಖುಲಾಸೆಯಾದನೆಂದು ವಕೀಲರು ಘೋಷಿಸುವಷ್ಟರಲ್ಲಿ ನನ್ನ ಮಡದಿ ಒಳಗೆ ಬಂದು, ನಮ್ಮ ಭಂಗಿಯನ್ನು ಕಂಡು, ಏನು ಕಳೆದುಹೋಯಿತೆಂದು ಕೇಳಿದಳು.

“ನನ್ನ ಮೊಣಕಾಲಿನ ಚಿಕಿತ್ಸೆಯ ದುಡ್ಡು,” ಎಂದರು ಲೆಕ್ಕಪರಿಶೋಧಕರು, ಹನಿಯಿಂದ ಕಣ್ಣು ಕೀಳದೆಯೇ.